ರೈಟರಿಗೊಂದು ಲ್ಯಾಪ್‌ಟಾಪ್

ಪ್ರವಾಸಕ್ಕೆ ಒಯ್ಯಬಲ್ಲ ಅಗ್ಗದ ಲ್ಯಾಪ್‌ಟಾಪನ್ನು ಆರಿಸುವುದು, ನನ್ನ ಅಭಿಪ್ರಾಯದಲ್ಲಿ, ಸಂಪೂರ್ಣ ವೈಜ್ಞಾನಿಕ ಸಮಸ್ಯೆ. ನನ್ನ ಹೆಂಡತಿ ತನುಜಾಳ ಅಭಿಪ್ರಾಯದಲ್ಲಿ ಅದು ಸಮಸ್ಯೆಯೇ ಅಲ್ಲ.

"ಪ್ರವಾಸಕ್ಕೆ ಅಂತೀರಲ್ಲ, ನಿಮ್ಮನ್ನ ಯಾರು ಎಲ್ಲಿಗೆ ಕರೆದಿದಾರೆ?"

ಮರ್ಮಕ್ಕೆ ತಗುಲಿತು. ಹದಿನೆಂಟು ವರ್ಷಗಳಿಂದ ವಿಜ್ಞಾನ ಲೇಖನಗಳನ್ನು ಬರೆಯುತ್ತಿದ್ದರೂ ಯಾವ ಸಭೆಯವರೂ ನನ್ನನ್ನು ಭಾಷಣಕ್ಕೆ ಕರೆದಿರಲಿಲ್ಲ. (ಒಮ್ಮೆ ಕರೆದಿದ್ದರು, ಮೈಕ್ ಸರಿಮಾಡಲು.)

"ಕರೀತಾರೆ. ಆಗ ಹೊರಡೋಕೆ ಸಿದ್ಧ ಇರ್ಬೇಕು."

"ಹಂಗಾದ್ರೆ ಹಾರ ಹಾಕಿಸ್ಕೊಳ್ಳೋದನ್ನೂ ಅಭ್ಯಾಸ ಮಾಡ್ಕೊಳ್ಳಿ."

ಹನ್ನೊಂದು ಯಂತ್ರಗಳ ತೂಕ, ಬ್ಯಾಟರಿಯ ಆಯುಷ್ಯ, ಕೀಲಿಗಳ ಸಪ್ಪಳ ಎಲ್ಲವನ್ನೂ ಕೋಷ್ಟಕದಲ್ಲಿ ತುಂಬಿ, ತನುಜಾಳ ಅಡಿಗೆಮನೆಯ ತಕ್ಕಡಿಯನ್ನೂ ಚೀಲಕ್ಕೆ ಹಾಕಿಕೊಂಡು (ಕಂಪನಿಯವರು ಹೇಳುವ ತೂಕವನ್ನು ನಾನು ನಂಬುವವನಲ್ಲ) ಮೂಡಿಗೆರೆಯಲ್ಲಿರುವ ಓಂಕಾರಮೂರ್ತಿಯ ಅಂಗಡಿಗೆ ಹೋದೆ.

"ಏನ್ ಕೆಲಸಕ್ಕೆ ಬೇಕಿತ್ತು ಸಾರ್?"

"ನಾನು ರೈಟರ್," ಎಂದೆ ಗಂಭೀರವಾಗಿ. "ಹೋದಲ್ಲಿ ಬಂದಲ್ಲಿ ತೆಗೆದು ಬರೆಯೋ ಹಂಗಿರ್ಬೇಕು. ಬೇರೇನೂ ಬೇಡ."

"ಅಷ್ಟೇ ತಾನೆ ಮಾರಾಯ್ರೇ!" ಎಂದವನು ಕೋಷ್ಟಕದಲ್ಲಿಲ್ಲದ ಹನ್ನೆರಡನೆಯದೊಂದನ್ನು ಕೈಗಿತ್ತ. ಅದೇ ಎಲ್ಲಕ್ಕಿಂತ ಅಗ್ಗ, ವಿಜ್ಞಾನ ಸೋತಿತು. "ನಿಮ್ಮ ನಂಬರ್ ಕೊಟ್ಟಿರಿ. ಒಳ್ಳೆ ರೈಟರ್ ಇದ್ರೆ ಹೇಳು ಅಂತ ಒಬ್ರು ಕೇಳ್ತಿದ್ರು."

ಎರಡೇ ದಿನಕ್ಕೆ ಗೋಣಿಬೀಡಿನ ಕಾಫಿ ಪ್ಲಾಂಟರ್ ಕೃಷ್ಣಪ್ಪನವರ ಫೋನು. "ನಾಳೆ ಬೆಳಿಗ್ಗೆ ಎಂಟಕ್ಕೆ ನಮ್ಮ ಎಸ್ಟೇಟಿಗೆ ಬನ್ನಿ. ನಲವತ್ತು ಜನ ಕಾಯ್ತಿರ್ತಾರೆ. ತಿಂಡಿ ಇಲ್ಲೇ."

ನಲವತ್ತು ಶ್ರೋತೃಗಳು! ಅದೂ ಬೆಳಿಗ್ಗೆ ಎಂಟಕ್ಕೆ! 'ಸೂಕ್ಷ್ಮಜೀವಿಗಳ ಸಾಮಾಜಿಕ ಬದುಕು' ಎಂಬ ಉಪನ್ಯಾಸವನ್ನು ಲ್ಯಾಪ್‌ಟಾಪಿನಲ್ಲಿ ಸಿದ್ಧಪಡಿಸಿ, ರೇಷ್ಮೆ ಸೀರೆಯುಟ್ಟ ತನುಜಾಳೊಡನೆ ವಿಜಯಯಾತ್ರೆ ಹೊರಟೆ.

ಕಾಫಿ ಒಣಗಿಸುವ ಕಣದಲ್ಲಿ ನಲವತ್ತು ಜನ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತಿದ್ದರು. ಶ್ರೋತೃಗಳು ಎದ್ದು ನಿಂತಿರುವುದು ಗೌರವದ ಲಕ್ಷಣವೆಂದು ಭಾವಿಸಿ ಕೈಮುಗಿದೆ. "ಮಾನ್ಯರೇ..."

"ಮಾತು ಆಮೇಲೆ ರೈಟ್ರೇ," ಎಂದರು ಕೃಷ್ಣಪ್ಪ. "ಮೊದ್ಲು ಹಾಜರಿ ಬರ್ಕೊಳ್ಳಿ. ಅಲ್ಲಿ ಹಣ್ಣು ಉದುರ್ತಿದೆ."

ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ಗುಮಾಸ್ತನಿಗೆ ರೈಟರ್ ಎನ್ನುತ್ತಾರೆಂಬುದು ಇಲ್ಲೇ ಹುಟ್ಟಿ ಬೆಳೆದ ನನಗೆ ತಿಳಿಯದ ಸಂಗತಿಯಲ್ಲ. ಆಹ್ವಾನದ ಉಷ್ಣಾಂಶಕ್ಕೆ ಆ ಜ್ಞಾನ ಆವಿಯಾಗಿತ್ತು, ಅಷ್ಟೆ. ಮರ್ಯಾದೆ ಉಳಿಸಿಕೊಳ್ಳಲು ಯಂತ್ರವನ್ನು ತೆರೆದೆ. ಬಿಸಿಲಿಗೆ ಅದರ ಪರದೆಯಲ್ಲಿ ಕಂಡದ್ದು ನನ್ನ ಮುಖ ಮಾತ್ರ.

"ಕೊಡಿ ಇತ್ಲಾಗೆ," ಎಂದು ತನುಜಾ ಮೇಸ್ತ್ರಿಯ ಕೈಯಿಂದ ಹಾಜರಿ ಪುಸ್ತಕ ಕಸಿದು, ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹತ್ತು ನಿಮಿಷದಲ್ಲಿ ನಲವತ್ತು ಹೆಸರನ್ನೂ ಕೂಗಿ ಬರೆದು ಮುಗಿಸಿದಳು. ನಡುವೆ ಇಬ್ಬರ ಮೊಮ್ಮಕ್ಕಳ ಜ್ವರವನ್ನೂ ವಿಚಾರಿಸಿದಳು.

ಕೃಷ್ಣಪ್ಪನವರ ಮುಖ ಅರಳಿತು. "ಸೋಮವಾರದಿಂದ ಬರ್ತೀರಾ ಅಮ್ಮ? ಜೀಪ್ ಕಳಿಸ್ತೀನಿ."

"ಬರ್ತೀನಿ. ಆದ್ರೆ ಇವ್ರನ್ನ ಮನೇಲಿ ಒಬ್ರನ್ನೇ ಬಿಟ್ಟು ಬರೋದು ಹೆಂಗೆ?"

ಕೃಷ್ಣಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಕರ್ಕೊಂಡೇ ಬನ್ನಿ. ಎತ್ತರ ಇದಾರೆ, ಮೇಲಿನ ಕೊಂಬೆ ಹಣ್ಣಿಗೆ ಏಣಿ ಬೇಡ."