ಕರ್ಕಿಯಲ್ಲಿ ನಿಲ್ಲದ ಬಸ್ಸು

ಹನುಮಕ್ಕ ಅಂಗಳದಲ್ಲಿ ಒಣಗಲು ಹಾಕಿದ್ದ ಸಿಗಡಿಯನ್ನು ಪಕ್ಕದ ಮನೆಯ ಕೃಷ್ಣಾನಂದ ತುಳಿದದ್ದು ಆ ತಿಂಗಳಲ್ಲಿ ಮೂರನೆಯ ಸಲ. ಎದುರಿಗೆ ಇರುವೆ ಬಂದರೂ ದಾಟಿಕೊಂಡು ಹೋಗುವ ಮನುಷ್ಯನಿಗೆ ಬದಿಯಲ್ಲಿ ಹಾಸಿದ ಅಷ್ಟುದ್ದದ ಚಾಪೆ ಕಾಣಲಿಲ್ಲವೆಂದರೆ ಯಾರು ನಂಬುತ್ತಾರೆ? ಬೆಳಿಗ್ಗೆ ಎಂಟಕ್ಕೇ ಕುಡಿದಿದ್ದಾನೆಂದು ಹನುಮಕ್ಕ ಕೇರಿಗೆಲ್ಲ ಸಾರಿದಳು. ನಾಲ್ಕು ಜನ ಬಂದು ಅವನ ಬಾಯಿ ಮೂಸಿದರು. ದೋಸೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಗಾದರೆ ಕಣ್ಣೇ ಕೆಟ್ಟಿದೆ ಎಂದು ಕೇರಿ ತೀರ್ಪು ಕೊಟ್ಟಿತು. ಹೊನ್ನಾವರದ ಶಾಲೆಯೊಂದರಲ್ಲಿ ಅವತ್ತೇ ಕಣ್ಣಿನ ಶಿಬಿರವಿತ್ತು. ಹನುಮಕ್ಕ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಕೇರಿಯ ತೀರ್ಪು ಸರಿಯಾಗಿಯೇ ಇತ್ತು. ಡಾಕ್ಟರಮ್ಮ ಗ್ಲಾಕೋಮಾ ಎಂದರು. ನೇರ ನೋಟ ಚೆನ್ನಾಗಿಯೇ ಇರುತ್ತದೆ, ಕತ್ತಲು ಅಂಚಿನಿಂದ ಸದ್ದಿಲ್ಲದೆ ಬರುತ್ತದೆ. ಹೋದ ದೃಷ್ಟಿ ತಿರುಗಿ ಬಾರದು, ಉಳಿದದ್ದನ್ನು ದಿನಾ ಹನಿ ಹಾಕಿ ಕಾಯಬೇಕು. ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಅವನ ಅಪ್ಪ ದಾಸನಿಗೆ ಎರಡೂ ಕಣ್ಣು ಹೋಗಿ ಆರು ವರ್ಷವಾಗಿತ್ತು. ಇದು ರಕ್ತದಲ್ಲೇ ಬರಬಹುದಾದ ಕಾಯಿಲೆ, ಅಪ್ಪನ ಒಡಹುಟ್ಟಿದವರಿದ್ದರೆ ಐದು ಗಂಟೆಯೊಳಗೆ ಕರೆತಾ ಎಂದರು ಡಾಕ್ಟರಮ್ಮ.

ಕೃಷ್ಣಾನಂದನಿಗೆ ಆಗಲೇ ಇನ್ನೊಂದು ಹೊಳೆಯಿತು. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವ. ಹದಿನೆಂಟು ವರ್ಷದ ಹಿಂದೆ ಚಿಕ್ಕಪ್ಪ ಮೋಹನ ಬೀಗರ ಜೊತೆ ಕರ್ಕಿಯ ರಸ್ತೆ ಬದಿಯಲ್ಲಿ ನಿಂತು ಕೈ ಮಾಡಿದರೆ, ಅಪ್ಪ ಬಸ್ಸು ನಿಲ್ಲಿಸದೆ ಹೋಗಿಬಿಟ್ಟಿದ್ದ. ಬೀಗರ ಮುಂದೆ ಮಾನ ಹೋಯಿತೆಂದು ಚಿಕ್ಕಪ್ಪ ಅಂದಿನಿಂದ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಅಯ್ಯೋ ದೇವರೇ, ಅಪ್ಪನಿಗೆ ಕಂಡೇ ಇರಲಿಲ್ಲ! ರಸ್ತೆಯ ಬದಿ ಎಂದರೆ ಅಂಚೇ ತಾನೇ?

ಅವನು ಚಿಕ್ಕಪ್ಪನ ಊರಾದ ಕರ್ಕಿಯ ಟೆಂಪೋ ಹತ್ತಿದ. ಕರೆಯದಿದ್ದರೂ ಹನುಮಕ್ಕ ಹಿಂದೆಯೇ ಹತ್ತಿದಳು. ದಾರಿಯುದ್ದಕ್ಕೂ ಅವನ ರೋಗವನ್ನು ಟೆಂಪೋಗೆಲ್ಲ ಹಂಚಿದಳು. ಒಬ್ಬರು ಜೇನುತುಪ್ಪ ಬಿಡಲು ಹೇಳಿದರು, ಇನ್ನೊಬ್ಬರು ಈರುಳ್ಳಿ ರಸ ಎಂದರು, ಕಂಡಕ್ಟರ್ ಅವನ ಮುಖದ ಮುಂದೆ ಬೆರಳು ಹಿಡಿದು ಎಷ್ಟೆಂದು ಕೇಳಿದ. ಇಳಿಯುವ ಗಡಿಬಿಡಿಯಲ್ಲಿ ಅವನು ಬದಿಯ ಗಟಾರಕ್ಕೆ ಕಾಲು ಹಾಕಿದ. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಚಿಕ್ಕಪ್ಪ ಬಾಗಿಲು ತೆಗೆಯಲಿಲ್ಲ. ಕೃಷ್ಣಾನಂದ ಕಿಟಕಿಗೆ ಮುಖ ಕೊಟ್ಟು ನಿಂತ.

“ಚಿಕ್ಕಪ್ಪ, ಅವತ್ತು ಅಪ್ಪ ನಿನ್ನ ಬಿಟ್ಟು ಹೋದದ್ದಲ್ಲ. ಅಪ್ಪಂಗೆ ನೀ ಕಾಣ್ಲೇ ಇಲ್ಲ.”

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಕೇಳಿ ಮೋಹನ ಕುಸಿದು ಕೂತು ಅತ್ತ. ಕುರುಡಾಗುತ್ತಿದ್ದ ಅಣ್ಣನಿಗೆ ಹದಿನೆಂಟು ವರ್ಷ ಶಾಪ ಹಾಕಿದೆನಲ್ಲ ಎಂದು ಎದೆ ಬಡಿದುಕೊಂಡ. ಮೊದಲು ಶಿಬಿರಕ್ಕೆ ಹೋಗೋಣ, ನಿನ್ನ ಕಣ್ಣೂ ತೋರಿಸಬೇಕು ಎಂದು ಕೃಷ್ಣಾನಂದ ಎಷ್ಟು ಹೇಳಿದರೂ ಕೇಳಲಿಲ್ಲ. ಮೊದಲು ಅಣ್ಣನ ಕಾಲು, ಆಮೇಲೆ ಕಣ್ಣು ಎಂದ.

ಅವರು ಮನೆ ಮುಟ್ಟಿದಾಗ ದಾಸ ಜಗಲಿಯಲ್ಲಿ ಕೂತಿದ್ದ. ಮೋಹನ ಹೋಗಿ ಎರಡೂ ಕಾಲು ಹಿಡಿದುಕೊಂಡ.

“ಅಣ್ಣ, ನಾನು ಮೋಹನ. ಅವತ್ತು ನಿಂಗೆ ಕಣ್ಣು ಕಾಣ್ತಿರ್ಲಿಲ್ಲ ಅಂತ ಈಗ ಗೊತ್ತಾತು.”

ತಮ್ಮನ ತಲೆಯನ್ನು ತಡಕುತ್ತ ಬಂದ ದಾಸನ ಕೈ ಅರ್ಧದಲ್ಲೇ ನಿಂತಿತು.

“ಎಂತ ಹೇಳ್ತೆ? ಕುರುಡಾಗಿ ಬಸ್ಸು ಓಡ್ಸಿದ್ನಾ ನಾನು? ಕಂಡಿದ್ದೆ. ನಿನ್ನ ಹೆಗಲ ಮೇಲೆ ಹಲಸಿನಹಣ್ಣು ಇತ್ತು. ಮಗಳ ನಿಶ್ಚಯಕ್ಕೆ ನಂಗೊಂದು ಮಾತು ಹೇಳಿರ್ಲಿಲ್ಲ ನೀನು. ಕಂಡೇ ನಿಲ್ಸ್ಲಿಲ್ಲ.”

ಸುಮ್ಮನಿರು ಎಂದು ಕೃಷ್ಣಾನಂದ ಅಪ್ಪನಿಗೆ ಕಣ್ಣು ಮಿಟುಕಿಸಿದ, ಕೈಸನ್ನೆ ಮಾಡಿದ. ಯಾರಿಗೆ ಮಾಡುತ್ತಿದ್ದೇನೆಂದು ತಡವಾಗಿ ಹೊಳೆಯಿತು.

ಹಲಸಿನಹಣ್ಣು ಇದ್ದದ್ದು ನಿಜವಾಗಿತ್ತು. ಮೋಹನ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡ. ಇನ್ನೂ ಐದಾಗಿಲ್ಲ, ಕಣ್ಣನ್ನಾದರೂ ತೋರಿಸಿಕೊಂಡು ಹೋಗು ಎಂದು ಕೃಷ್ಣಾನಂದ ಅಂಗಲಾಚಿದ.

“ಇವನ ರಕ್ತ ಬೇರೆ, ನನ್ನದು ಬೇರೆ. ನಂಗೆಂತದೂ ಬರೂದಿಲ್ಲ,” ಎಂದು ಮೋಹನ ಇಳಿದು ನಡೆದೇಬಿಟ್ಟ.

ಒಂದು ಸುಳ್ಳು ಹೇಳಿದ್ದರೆ ಎಲ್ಲ ಸರಿಹೋಗುತ್ತಿತ್ತಲ್ಲ ಎಂದು ಕೃಷ್ಣಾನಂದ ಅಪ್ಪನ ಮೇಲೆ ಹರಿಹಾಯ್ದ. ದಾಸ ಕಾಲ ಮೇಲೆ ಬಿದ್ದಿದ್ದ ತಮ್ಮನ ಕಣ್ಣೀರನ್ನು ಬೆರಳಿನಿಂದ ಮುಟ್ಟಿ ನೋಡಿದ.

“ತಮ್ಮ ಈಗ ಹ್ಯಾಂಗೆ ಕಾಣ್ತ? ತಲೆ ನೆರೆದಿದ್ಯಾ?”

ಕೃಷ್ಣಾನಂದ ಅಪ್ಪನ ಪಕ್ಕದಲ್ಲಿ ಕೂತ.

“ಪೂರಾ ಬಿಳಿ, ಅಪ್ಪ. ಥೇಟ್ ನಿನ್ನ ಹಾಂಗೇ ಕಾಣ್ತ.”