ಆರಾಮ ಕುರ್ಚಿಯಲ್ಲಿ ಮಲಗಿರುವ ಹರಕೆಯ ಹುಂಜನವರಿಗೆ

ಸುಳ್ಯ, ಮಾರ್ಚ್ 1961

ಮಾನ್ಯರೇ,

ತಮ್ಮ ಕೆಂಪು ಜುಟ್ಟಿಗೂ, ಬಾಲದ ಹನ್ನೊಂದು ಗರಿಗಳಿಗೂ, ನನ್ನ ಕುರ್ಚಿಯ ಬಟ್ಟೆಯನ್ನು ಎರಡು ಕಡೆ ಹರಿದಿರುವ ಉಗುರುಗಳಿಗೂ ಬೇರೆ ಬೇರೆಯಾಗಿ ನಮಸ್ಕಾರಗಳು. ತಾವು ಕ್ಷೇಮವಾಗಿರುವುದನ್ನು ದಿನಾ ಮಧ್ಯಾಹ್ನ ಕಣ್ಣಾರೆ ಕಾಣುತ್ತಿರುವುದರಿಂದ ಕ್ಷೇಮ ವಿಚಾರಿಸುವ ಪದ್ಧತಿಯನ್ನು ಇಲ್ಲಿ ಕೈಬಿಟ್ಟಿದ್ದೇನೆ. ಇದು ಬಹಿರಂಗ ಪತ್ರವಾದರೂ ಗುಟ್ಟು ಬಯಲಾಗುವ ಭಯ ತಮಗೆ ಬೇಡ. ನಮ್ಮ ಮನೆಯಲ್ಲಿ ನಾನು ಬರೆದದ್ದನ್ನು ಓದುವ ಹವ್ಯಾಸ ಯಾರಿಗೂ ಇಲ್ಲ.

ನಾನು ಕುಶಾಲಪ್ಪ. ನೋಂದಣಿ ಕಚೇರಿಯ ಎದುರು ಚಾಪೆ ಹಾಸಿ, ಇಪ್ಪತ್ತೆರಡು ವರ್ಷಗಳಿಂದ ಊರವರ ಪಾಲುಪಟ್ಟಿ, ಕ್ರಯಪತ್ರ, ಗೇಣಿ ಚೀಟಿಗಳನ್ನು ಬರೆಯುತ್ತಿರುವವನು. ಬರೆಯುವ ಪೆಟ್ಟಿಗೆಯ ಮೇಲೆ ಬಗ್ಗಿ ಬಗ್ಗಿ, ಹೋದ ದೀಪಾವಳಿಯ ಹೊತ್ತಿಗೆ ನನ್ನ ಸೊಂಟ ಬಗ್ಗಿದಲ್ಲಿಯೇ ನಿಂತುಬಿಟ್ಟಿತು. ಆಗ ಒಂದೇ ವಾರದಲ್ಲಿ ಎರಡು ಪರಿಹಾರಗಳು ನಡೆದವು. ನಾನು ಯಜ್ಞೇಶ್ವರ ಆಚಾರಿಗೆ ಹೇಳಿ ಹಲಸಿನ ಮರದ, ಉದ್ದ ಕೈಗಳ, ದಪ್ಪ ಬಟ್ಟೆ ಕಟ್ಟಿದ ಒಂದು ಆರಾಮ ಕುರ್ಚಿ ಮಾಡಿಸಿದೆ. ನನ್ನ ಹೆಂಡತಿ ನೀಲಾವತಿ ಮನೆಯ ದೈವಕ್ಕೆ ಒಂದು ಹುಂಜ ಹೇಳಿಕೊಂಡಳು. ಆ ಹುಂಜ ತಾವು.

ಕುರ್ಚಿಯ ಚಕ್ಕುಬಂದಿಯನ್ನು ತಮ್ಮ ಅವಗಾಹನೆಗಾಗಿ ಬರೆಯುತ್ತೇನೆ: ಪೂರ್ವಕ್ಕೆ ಗೋಡೆ, ಪಶ್ಚಿಮಕ್ಕೆ ಗಾಳಿ ಬರುವ ಕಿಟಕಿ, ದಕ್ಷಿಣಕ್ಕೆ ಎಲೆಅಡಿಕೆಯ ತಟ್ಟೆ, ಉತ್ತರಕ್ಕೆ ಕೈಗೆಟಕುವ ನೀರಿನ ಚೆಂಬು. ಗಂಜಿ ಉಂಡ ಮೇಲೆ, ಕಾಫಿಗೆ ಮೊದಲು, ಇಷ್ಟು ಗಡಿಗಳ ನಡುವೆ ಒಬ್ಬ ಮನುಷ್ಯನನ್ನು ಮಲಗಿಸಿದರೆ ಅವನು ಲೋಕದ ಮೇಲೆ ಯಾವ ತಕರಾರನ್ನೂ ಹೂಡಲಾರ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಭಿಪ್ರಾಯವನ್ನು ನಾನು ಪರೀಕ್ಷಿಸಿದ್ದು ನಾಲ್ಕೇ ದಿನ. ಐದನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಬಂದಾಗ ಆ ಗಡಿಗಳ ನಡುವೆ ತಾವಿದ್ದಿರಿ, ಒಂದು ಕಣ್ಣು ಮುಚ್ಚಿಕೊಂಡು.

ಹೆಗಲ ಮೇಲಿನ ಬೈರಾಸು ತೆಗೆದು ಬೀಸುವಷ್ಟರಲ್ಲಿ ನೀಲಾವತಿ ಅಡುಗೆಮನೆಯಿಂದ ಓಡಿ ಬಂದಳು. "ಅಯ್ಯೋ ಮಾರಾಯ್ರೆ, ಅದಕ್ಕೆ ಬೀಸುದು ಬೇಡ! ದೈವಕ್ಕೆ ಹೇಳಿದ ಕೋಳಿ ಅದು. ನಿಮಗೆ ಮಲಗ್ಲಿಕ್ಕೆ ಅಷ್ಟಗಲ ನೆಲ ಉಂಟಲ್ಲ, ತಣ್ಣಗೆ?" ಹರಕೆಗೆ ಬಿಟ್ಟದ್ದನ್ನು ಹೊಡೆಯಬಾರದು, ಮಾರಬಾರದು, ಕೋಳಿ ಅಂಕದ ಕಾಳಗಕ್ಕೆ ಇಳಿಸಬಾರದು ಎಂಬುದು ನನಗೂ ಗೊತ್ತು. ಆದರೆ ಕುರ್ಚಿ ಬಿಟ್ಟುಕೊಡಬೇಕೆಂದು ಯಾವ ಕಟ್ಟಳೆಯಲ್ಲಿದೆ ಎಂದು ಕೇಳುವ ಮೊದಲೇ ನಾನು ನೆಲದ ಮೇಲಿದ್ದೆ. ಅಂದಿನಿಂದ ತಾವು ಮೇಲೆ, ನಾನು ಕೆಳಗೆ. ಒಣಮೀನು ಹೊತ್ತು ಬರುವ ಹೈದರ್ ಬ್ಯಾರಿ ಈ ವ್ಯವಸ್ಥೆಯನ್ನು ನೋಡಿ, "ಇದೆಂತ, ಕೋಳಿಯಾ ತಹಶೀಲ್ದಾರರಾ?" ಎಂದು ಕೇಳಿ, ಬುಟ್ಟಿಯನ್ನು ನನ್ನ ತಲೆಯ ಪಕ್ಕದಲ್ಲಿಯೇ ಇಳಿಸಿದ.

ತಪ್ಪು ತಮ್ಮದಲ್ಲ, ನನ್ನದೇ. ನೀಲಾವತಿ ದೈವದ ಕಲ್ಲಿನೆದುರು ಕೈಮುಗಿದು, "ಇವರ ನೋವು ಸ್ವಲ್ಪ ಇಳಿಯಲಿ, ಬರುವ ಸಂಕ್ರಾಂತಿಗೆ ಹುಂಜ ಒಪ್ಪಿಸ್ತೇನೆ" ಎಂದಳು. ಅಷ್ಟಕ್ಕೆ ಬಿಟ್ಟಿದ್ದರೆ ತಾವು ಪುಷ್ಯದಲ್ಲಿಯೇ ಸಾರಾಗುತ್ತಿದ್ದಿರಿ. ಆದರೆ ಕಸುಬಿನ ಚಟ ನೋಡಿ, ಸಡಿಲವಾದ ಕರಾರನ್ನು ಕಂಡರೆ ನನಗೆ ಕೈ ತುರಿಸುತ್ತದೆ. ನಾನು ನಡುವೆ ಬಾಯಿ ಹಾಕಿ, "ಸ್ವಲ್ಪ ಅಲ್ಲ, ಪೂರ್ತಿ ಗುಣವಾದ ಮೇಲೆ" ಎಂದು ತಿದ್ದಿಸಿದೆ, ಸಂಕ್ರಾಂತಿಯನ್ನು ಹೊಡೆದುಹಾಕಿಸಿದೆ. ಹೀಗೆ ವಾಯಿದೆಯೇ ಇಲ್ಲದ ದಸ್ತಾವೇಜೊಂದು ದೈವಸಾಕ್ಷಿಯಾಗಿ ಸಿದ್ಧವಾಯಿತು. ನನ್ನ ಸೊಂಟದಲ್ಲಿ ನೋವಿರುವವರೆಗೆ ತಮ್ಮನ್ನು ಎಬ್ಬಿಸುವಂತಿಲ್ಲ. ಈ ಜಿಲ್ಲೆಯಲ್ಲಿ ಇಷ್ಟು ಭದ್ರವಾದ ಮೂಲಗೇಣಿ ಹಕ್ಕನ್ನು ಯಾವ ಒಕ್ಕಲಿಗೂ ನಾನು ಬರೆದುಕೊಟ್ಟಿಲ್ಲ.

ತಮ್ಮ ಆಡಳಿತದಲ್ಲಿ ಮೆಚ್ಚುವ ಸಂಗತಿಗಳು ಅನೇಕವಿವೆ. ತಾವು ಮಲಗುವ ಶೈಲಿ ನನಗಿಂತ ಉತ್ತಮ. ಗಾಳಿ ಯಾವ ಕಡೆಯಿಂದ ಬಂದರೆ ಸುಖ ಎಂಬಲ್ಲಿ ನಮ್ಮಿಬ್ಬರ ಅಭಿಪ್ರಾಯ ಒಂದೇ. ಬಟ್ಟೆಯ ಮಧ್ಯಭಾಗದಲ್ಲಿ ತಾವು ದಿನವೂ ಇಡುವ ಮುದ್ರೆಯು ಉಪನೋಂದಣಾಧಿಕಾರಿಗಳ ಮೊಹರಿಗಿಂತ ಸ್ಪಷ್ಟವಾಗಿದೆ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ, ಇದುವರೆಗೆ ಅದನ್ನು ಸುತ್ತುತ್ತಿದ್ದೆ. ನನ್ನ ಸೊಂಟನೋವು ಹೋಗಿ ಇಂದಿಗೆ ಹನ್ನೆರಡು ದಿನಗಳಾದವು.

ಗುಣಪಡಿಸಿದ್ದು ನೆಲವೋ ದೈವವೋ ನಾನು ಹೇಳಲಾರೆ, ಕುರ್ಚಿಯಂತೂ ಅಲ್ಲ. ಹೆಂಡತಿಯ ಮಾತು ಸರಿಯಿತ್ತೆಂದು ಒಪ್ಪಿಕೊಳ್ಳುವುದು ಈ ವಯಸ್ಸಿನಲ್ಲಿ ಅಂಥ ಕಷ್ಟವೂ ಅಲ್ಲ. ಆದರೆ ಸುಖವನ್ನು ನಾನು ಗುಣವಾಗಲೆಂದು ಬಯಸಿದ್ದಲ್ಲ, ಸುಮ್ಮನೆ ಬಯಸಿದ್ದು ಎಂದು ನೆಲದ ಮೇಲೆ ಮಲಗಿ ಜಂತಿ ನೋಡುತ್ತಿರುವಾಗ ನನಗೆ ಹೊಳೆಯಿತು. ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ನೀಲಾವತಿಯ ತೀರ್ಮಾನ ಸರಳ: ನೋವು ಹೋದ ಮರುದಿನ ಹುಂಜ ದೈವಕ್ಕೆ, ಕುರ್ಚಿ ಈಶ್ವರಮಂಗಲದ ಅವಳ ಅಣ್ಣ ತೀರ್ಥರಾಮನಿಗೆ. "ನೋವೇ ಇಲ್ಲದವರಿಗೆ ಅದೆಂತಕ್ಕೆ, ಜಾಗಕ್ಕೆ ದಂಡ" ಎಂದು ಅವಳು ಈಗಾಗಲೇ ಅವನಿಗೆ ಹೇಳಿಟ್ಟಿದ್ದಾಳೆ.

ಆದುದರಿಂದ ಮಾನ್ಯರೇ, ತಮ್ಮ ಕುತ್ತಿಗೆಯೂ ನನ್ನ ಕುರ್ಚಿಯೂ ಸದ್ಯ ಒಂದೇ ಸೊಂಟದ ಮೇಲೆ ನಿಂತಿವೆ. ದಿನಾ ಬೆಳಿಗ್ಗೆ "ಹೇಗುಂಟು ಇವತ್ತು?" ಎಂದು ಅವಳು ಕೇಳುತ್ತಾಳೆ. ನಾನು ಗೋಡೆ ಹಿಡಿದು ಎದ್ದು, "ಸ್ವಲ್ಪ ಉಂಟು" ಎನ್ನುತ್ತೇನೆ. ಆ ಎರಡು ಪದಗಳಿಂದ ತಮಗೆ ಇನ್ನೊಂದು ದಿನ ಸಿಗುತ್ತದೆ, ನನಗೆ ಏನೂ ಸಿಗುವುದಿಲ್ಲ. ಈ ಅನ್ಯಾಯವನ್ನು ಸರಿಪಡಿಸಲು ಒಂದೇ ಒಂದು ಪ್ರಾರ್ಥನೆ: ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ತಾವು ಅಂಗಳದಲ್ಲಿ ವಿಹರಿಸುವ ಕೃಪೆ ಮಾಡಬೇಕು. ಉಳಿದ ಇಪ್ಪತ್ತೆರಡು ಗಂಟೆ ಕುರ್ಚಿ ತಮ್ಮದು. ಇದಕ್ಕೆ ತಾವು ಒಪ್ಪುವುದಾದರೆ, ನನ್ನ ಸೊಂಟವು ತಮ್ಮ ಜೀವಮಾನ ಪರ್ಯಂತ ನೋಯಲು ಸಿದ್ಧವಿದೆ.

ನೆಲದ ಮೇಲಿಂದ,
ತಮ್ಮ ವಿಶ್ವಾಸಿ,
ಕುಶಾಲಪ್ಪ

ತಾಜಾ ಕಲಂ: ಒಪ್ಪದಿದ್ದಲ್ಲಿ ತಮ್ಮ ಮೇಲೆ ಯಾವ ಒತ್ತಾಯವೂ ಇಲ್ಲ. ನಾಳೆ ಬೆಳಿಗ್ಗೆ ನಾನು ಬಾವಿಯಿಂದ ಎರಡು ಕೊಡ ನೀರು ಸೇದಿ, ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದು, ನೆಟ್ಟಗೆ ನಡೆದು ನೀಲಾವತಿಯ ಎದುರಿಗೇ ತಂದಿಡುತ್ತೇನೆ. ಕುರ್ಚಿ ಈಶ್ವರಮಂಗಲಕ್ಕೆ ಹೋದೀತು. ತಾವು ಅಷ್ಟು ದೂರ ಹೋಗಬೇಕಾಗಿಲ್ಲ.