ಮೆಗ್ನೀಸಿಯಂ ಶೆಡ್ಡಿನ ಮರಳು ಬಕೆಟ್ಟು

ಬೆಂಕಿ, ನೀರು, ಓನರ್ರು ಮೂರೂ ಒಂದೇ ಸೂರಿನಡಿ ಇದ್ರೆ ನಗೋ ಸಂಗತಿಗೆ ಬರ ಇಲ್ಲ. ಎಸ್ಸೆಸ್ಸೆಲ್ಸಿ ಡುಮ್ಕಿ ಹೊಡೆದ ಮೇಲೆ ಮಲವಗೊಪ್ಪದ ಹತ್ತಿರ ಮೆಗ್ನೀಸಿಯಂ ಲೋಹವನ್ನ ಲೇತಲ್ಲಿ ಕಡೆಯೋ ಶೆಡ್ಡಿಗೆ ಸೇರಿದೆ. "ತರ್ಲೆ ಮಾಡದೆ ಇದ್ರೆ ದಸರಾಕ್ಕೆ ಖಾಯಂ ಮಾಡ್ತೀನಿ" ಅಂದ್ರು ಓನರ್ರು. ಅಮ್ಮ ಆಗಲೇ ಭದ್ರಾವತಿ ನೆಂಟರಿಗೆಲ್ಲ "ನನ್ನ ಮಗ ಖಾಯಂ" ಅಂತ ಸಾರಿ ಬಂದಿದ್ಲು.

ತೂಕ

ಮಾಲು ನೂರಕ್ಕೆ ತೊಂಬತ್ತೊಂಬತ್ತರ ಮೇಲೆ ಶುದ್ಧ. ನನ್ನ ಮಾರ್ಕ್ಸ್ ಕಾರ್ಡಲ್ಲಿ ಆ ನಂಬರ್ ಕಂಡೇ ಇಲ್ಲ. ಅಲ್ಯೂಮಿನಿಯಂಗಿಂತ ಹಗುರ ಬೇರೆ. ಹೊಸ ಲೋಡರ್ ಅಣ್ಣನಿಗೆ ಗೊತ್ತಿರಲಿಲ್ಲ. "ಕಬ್ಬಿಣಕ್ಕಿಂತ ಭಾರ, ಸೊಂಟ ಹುಷಾರು" ಅಂದೆ. ಮನೆದೇವರನ್ನ ನೆನೆದು, ಉಸಿರು ಬಿಗಿಹಿಡಿದು ಲೋಹದ ಗಟ್ಟಿ ಎತ್ತಿದ. ಗಟ್ಟಿ ಸಮೇತ ಹಿಂದಕ್ಕೆ ಬಿದ್ದ.

"ಏನೋ ಮಾರಾಯ, ಇಷ್ಟು ಹಗುರಾನಾ?"

"ನಮ್ಮ ಸಂಬಳದ ಅಳತೆಗೆ ಎರಕ ಹೊಯ್ದಿದ್ದಾರೆ ಅಣ್ಣ."

ಹಿಂದಿನಿಂದ ಓನರ್ರ ದನಿ ಬಂತು: "ನಿನ್ನ ಖಾಯಂ ದಸರಾಕ್ಕಲ್ಲ, ಯುಗಾದಿಗೆ."

ಬಕೆಟ್ಟು

ಕಡೆದ ಪುಡಿಗೆ ಬೆಂಕಿ ಬಿದ್ರೆ ನೀರು ಹಾಕೋ ಹಾಗಿಲ್ಲ, ಇನ್ನೂ ಜೋರಾಗಿ ಉರಿಯುತ್ತೆ. ಒಣ ಮರಳೇ ಗತಿ. ಅದಕ್ಕೇ ಗೋಡೆ ಪಕ್ಕ ಕೆಂಪು ಬಕೆಟ್ಟಲ್ಲಿ ಮರಳು. ಎಲ್ಲರೂ ಅದರೊಳಗೆ ಗುಟ್ಕಾ ಉಗೀತಿದ್ರು. ಅದನ್ನ ನಿಲ್ಲಿಸೋಕೆ ಓನರ್ರು ಆ ಗೋಡೆಗೆ ದೇವರ ಫೋಟೋ, ಮೆಕ್ಕಾ ಫೋಟೋ, ಶಿಲುಬೆ ಒಂದೂ ಬಿಡದೆ ಅಂಟಿಸಿದ್ರು. ಉಗಿಯೋದು ನಿಂತು, ಅದೇ ಮರಳಿಗೆ ಊದುಬತ್ತಿ ಚುಚ್ಚೋದು ಶುರುವಾಯ್ತು. ಶುಕ್ರವಾರ ತೆಂಗಿನಕಾಯಿ ಒಡೆದು ನೀರನ್ನೂ ಅಲ್ಲಿಗೇ ಸುರಿದ್ರು.

ಲೇತ್ ನಡೆಸೋ ಚಾಚಾ ತಲೆ ಚಚ್ಚಿಕೊಂಡ. "ಅರೇ ಬೇಟಾ, ಬೆಂಕೀನೂ ನೀರೂ ಒಂದೇ ಬಕೆಟ್ಟಲ್ಲಿ!"

"ಗುಟ್ಕಾನೇ ವಾಸಿ ಚಾಚಾ, ಅದಕ್ಕೆ ಯಾರೂ ಬೆಂಕಿ ಹಚ್ತಿರಲಿಲ್ಲ."

ಖಾಯಂ

ಒಂದು ಮಧ್ಯಾಹ್ನ ಊದುಬತ್ತಿಯ ಕಿಡಿ ಪುಡಿ ಡಬ್ಬಿಗೆ ಬಿತ್ತು. ಕಣ್ಣು ಕುಕ್ಕೋ ಬಿಳೀ ಬೆಳಕು. "ನೀರು ಬೇಡ ಸಾರ್!" ಅಂತ ಕಿರುಚಿದೆ. ನನ್ನ ಮಾತು ಯಾವತ್ತು ಕೇಳಿದ್ರು? ಓನರ್ರು ನೀರಿನ ಕೊಡ ಎತ್ತಿ ಸುರಿದೇ ಬಿಟ್ರು. ಢಂ! ಓನರ್ರ ಅರ್ಧ ಮೀಸೆ ಹೋಯ್ತು. ಬಕೆಟ್ಟಿನ ಮರಳು ಒದ್ದೆ, ಅದಕ್ಕೇ ಚಾಚಾನೂ ನಾನೂ ಸ್ಟೋರಿಂದ ಒಣ ಮರಳಿನ ಚೀಲ ಎಳೆದು ತಂದು ಮುಚ್ಚಿದ್ವಿ. ನನ್ನ ಅಂಗೈ ಚರ್ಮ ಅಲ್ಲೇ ಉಳೀತು.

ಮಾರನೇ ದಿನ ಇನ್ಶೂರೆನ್ಸ್ ಸಾಹೇಬ್ರು ಬಂದು, "ಬೆಂಕಿ ಆರಿಸೋಕೆ ಟ್ರೈನಿಂಗ್ ಆದೋರು ಯಾರಿದ್ದಾರೆ?" ಅಂದ್ರು.

ಓನರ್ರು ನನ್ನ ಹೆಗಲ ಮೇಲೆ ಕೈ ಹಾಕಿದ್ರು. "ಇವನೇ ಸಾರ್, ನಮ್ಮ ಖಾಯಂ ಸೇಫ್ಟಿ ಆಫೀಸರ್ರು."

ಸಾಹೇಬ್ರು ನನ್ನ ಬ್ಯಾಂಡೇಜ್ ಕೈಯನ್ನೇ ಹಿಡಿದು ಕುಲುಕಿದ್ರು. ಪ್ರಾಣ ಹೋದ ಹಾಗಾಯ್ತು, ಆದ್ರೂ ನಕ್ಕೆ.

ಅವರ ಕಾರು ಗೇಟ್ ದಾಟಿದ್ದೇ ತಡ, "ಹಾಗಾದ್ರೆ ಯುಗಾದಿವರೆಗೂ ಕಾಯೋದು ಬೇಡ್ವಾ ಸಾರ್?" ಅಂದೆ.

ಓನರ್ರು ಬ್ಯಾಂಡೇಜ್ ನೋಡಿ ಅಂದ್ರು: "ಕೈ ಸುಟ್ಕೊಂಡೋನನ್ನ ಯಾರಾದ್ರೂ ಸೇಫ್ಟಿ ಆಫೀಸರ್ ಅಂತ ಇಟ್ಕೊಳ್ತಾರೇನೋ?"